ಪರೀಕ್ಷೆಗೆ ಎಂಟು ವಾರ: ಪಿಯು ವಿದ್ಯಾರ್ಥಿಗಳಿಗೆ ಸಾವಧಾನ ಅಭ್ಯಾಸದ ಸಮಗ್ರ ಮಾರ್ಗದರ್ಶಿ

ಜನವರಿ ಬಂತೆಂದರೆ ದ್ವಿತೀಯ ಪಿಯು ಮಕ್ಕಳ ಬಾಯಲ್ಲಿ ಒಂದೇ ಮಾತು: ‘ಓದ್ತಾನೇ ಇದೀನಿ, ತಲೆಗೆ ಹತ್ತುತ್ತಿಲ್ಲ.’ ಪುಸ್ತಕ ತೆರೆದಿರುತ್ತದೆ, ಕಣ್ಣು ಸಾಲಿನ ಮೇಲೆ ಓಡುತ್ತಿರುತ್ತದೆ. ಪುಟದ ಕೊನೆಗೆ ಬಂದು ಮೇಲೇನಿತ್ತು ಎಂದು ನೆನೆಸಿಕೊಂಡರೆ ಏನೂ ಇಲ್ಲ. ಅಷ್ಟು ಹೊತ್ತೂ ಮನಸ್ಸು ಸಿಇಟಿ ರ‍್ಯಾಂಕಿನಲ್ಲೋ, ಪಕ್ಕದ ಬೆಂಚಿನವಳ ಅಂಕದಲ್ಲೋ, ಅಪ್ಪ ಸಾಲ ಮಾಡಿ ಕಟ್ಟಿದ ಫೀಸಿನಲ್ಲೋ ಇತ್ತು. ಮನಸ್ಸು ಹೋದದ್ದು ತಪ್ಪಲ್ಲ, ಅದು ಇರುವುದೇ ಹಾಗೆ. ಹೋದದ್ದು ಗೊತ್ತೇ ಆಗಲಿಲ್ಲವಲ್ಲ, ತೊಂದರೆ ಅಲ್ಲಿದೆ. ಕನ್ನಡದಲ್ಲಿ ಇದಕ್ಕೆ ಒಳ್ಳೆಯ ಮಾತಿದೆ: ಪರಿವೆ ಇರಲಿಲ್ಲ.

ಈ ಪರಿವೆಯನ್ನು ದಿನಕ್ಕೆ ಐದರಿಂದ ಹದಿನೈದು ನಿಮಿಷ ಕೂತು ಬೆಳೆಸಿಕೊಳ್ಳಬಹುದು. ಮೈಂಡ್‌ಫುಲ್‌ನೆಸ್ ಅಥವಾ ಸಾವಧಾನ ಅನ್ನುವುದು ಇದನ್ನೇ. ಮನಸ್ಸು ಹೋದದ್ದನ್ನು ಕಂಡುಕೊಂಡು, ಬೈದುಕೊಳ್ಳದೆ, ಮತ್ತೆ ಕರೆತರುವುದು. ಮನಸ್ಸನ್ನು ಖಾಲಿ ಮಾಡುವುದು ಇದರ ಗುರಿಯಲ್ಲ. ‘ಯೋಚನೆ ನಿಲ್ತಾನೇ ಇಲ್ಲ, ನನಗೆ ಇದು ಬರಲ್ಲ’ ಎಂದು ಮೂರನೇ ದಿನಕ್ಕೇ ಬಿಡುವವರು ಇದೊಂದನ್ನು ಮೊದಲೇ ತಿಳಿದಿದ್ದರೆ ಬಿಡುತ್ತಿರಲಿಲ್ಲ.

ಇದರ ಬೇರು ಬೌದ್ಧರ ‘ಸತಿ’ ಎಂಬ ಅಭ್ಯಾಸದಲ್ಲಿದೆ. ಪಾಲಿಯ ಈ ಸತಿ ನಮ್ಮ ‘ಸ್ಮೃತಿ’ಯೇ. ಇಂದು ಆಸ್ಪತ್ರೆ, ಕಾಲೇಜುಗಳಲ್ಲಿ ಕಲಿಸುವ ರೂಪ ಬಂದದ್ದು 1979ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಜಾನ್ ಕಬಾಟ್-ಝಿನ್ ನೋವು ಮತ್ತು ಒತ್ತಡದ ರೋಗಿಗಳಿಗೆಂದು ರೂಪಿಸಿದ ಎಂಟು ವಾರಗಳ ತರಬೇತಿಯಿಂದ. ಅದರಲ್ಲಿ ಮನೆಯಲ್ಲಿ ದಿನಕ್ಕೆ ಮುಕ್ಕಾಲು ಗಂಟೆ ಅಭ್ಯಾಸ ಮಾಡಬೇಕಿತ್ತು. ಪರೀಕ್ಷೆ ಹತ್ತಿರವಿರುವ ವಿದ್ಯಾರ್ಥಿಗೆ ಅದು ಆಗದ ಮಾತು. ಎಂಟು ವಾರದ ಚೌಕಟ್ಟನ್ನು ಉಳಿಸಿಕೊಂಡು ಹೊತ್ತನ್ನು ಇಲ್ಲಿ ಕಡಿಮೆ ಮಾಡಿದೆ.

ಎಷ್ಟು ನೆಚ್ಚಬಹುದು?

ಎರಡು ಅಧ್ಯಯನಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ತಾವಾಗಿ ಮುಂದೆ ಬಂದ 616 ವಿದ್ಯಾರ್ಥಿಗಳಲ್ಲಿ ಅರ್ಧದಷ್ಟು ಮಂದಿಗೆ ಎಂಟು ವಾರದ ತರಬೇತಿ ಕೊಟ್ಟರು. ಪರೀಕ್ಷೆಯ ದಿನಗಳಲ್ಲಿ ಅವರ ಸಂಕಟ ಉಳಿದರ್ಧದವರಿಗಿಂತ ಕಡಿಮೆಯಿತ್ತು. ಇನ್ನೊಂದು ಬ್ರಿಟನ್ನಿನ ‘ಮಿರಿಯಡ್’ ಅಧ್ಯಯನ. ಅಲ್ಲಿ 85 ಶಾಲೆಗಳ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳಿದ್ದರು, ತರಬೇತಿ ಸಿಕ್ಕ ಶಾಲೆಗಳಲ್ಲಿ ಇಡೀ ತರಗತಿಗೆ ಪಾಠದಂತೆ ಕಲಿಸಿದರು. 2022ರಲ್ಲಿ ಬಂದ ಫಲಿತಾಂಶ: ಭಾವನೆಗಳನ್ನು ನಿಭಾಯಿಸುವ ಬಗ್ಗೆ ಶಾಲೆಯಲ್ಲಿ ಮಾಮೂಲಿಯಾಗಿ ನಡೆಯುವ ಪಾಠಗಳಿಗಿಂತ ಇದರಿಂದ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಬಹುತೇಕ ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೇ ಮಾಡಿರಲಿಲ್ಲ. ಮೊದಲೇ ಮಾನಸಿಕ ತೊಂದರೆಯ ಲಕ್ಷಣಗಳಿದ್ದ ಮಕ್ಕಳಿಗೆ ಎಲ್ಲರಿಗೂ ಹಾಕುವ ಒಂದೇ ಅಚ್ಚು ಹೊಂದದಿರಬಹುದು ಎಂಬ ಎಚ್ಚರಿಕೆಯೂ ಅದರಲ್ಲಿತ್ತು.

ಮಕ್ಕಳ ವಯಸ್ಸು ಬೇರೆ, ಊರು ಬೇರೆ, ನಿಜ. ಆದರೂ ಇದನ್ನು ನಡೆಸುವವರು ಹಿಡಿದುಕೊಳ್ಳಬೇಕಾದ ಮಾತು ಇಲ್ಲಿದೆ. ತಾನಾಗಿ ಒಪ್ಪಿ, ದಿನವೂ ಸ್ವಲ್ಪ ಸ್ವಲ್ಪ ಮಾಡುವವರಿಗೆ ಉಪಯೋಗವಾಗುವ ಸಾಧ್ಯತೆ ಹೆಚ್ಚು. ಬಲವಂತದಿಂದ ಕಣ್ಣು ಮುಚ್ಚಿಸಿದರೆ ಕಣ್ಣು ಮುಚ್ಚುತ್ತದೆ, ಅಷ್ಟೇ.

ಶುರುಮಾಡುವ ಮುನ್ನ

ಹೊತ್ತು ಗೊತ್ತುಮಾಡುವಾಗ ಗಡಿಯಾರ ನೋಡಬೇಡಿ, ದಿನವೂ ತಪ್ಪದ ಒಂದು ಕೆಲಸಕ್ಕೆ ಗಂಟುಹಾಕಿ. ಹಲ್ಲುಜ್ಜಿ ಬಂದ ಮೇಲೆ, ಕಾಫಿಗೆ ಮುಂಚೆ. ಅಥವಾ ಸಂಜೆ ಕಾಲೇಜಿನಿಂದ ಬಂದು ಕೈಕಾಲು ತೊಳೆದ ಮೇಲೆ. ‘ಬಿಡುವಾದಾಗ ಮಾಡ್ತೀನಿ’ ಎಂದುಕೊಂಡರೆ ಫೆಬ್ರವರಿಯಲ್ಲಿ ಬಿಡುವು ಸಿಗುವುದೇ ಇಲ್ಲ. ಊಟವಾದ ತಕ್ಷಣ ಬೇಡ, ತೂಕಡಿಕೆ ಬರುತ್ತದೆ.

ಕುರ್ಚಿಯಲ್ಲಿ ಕೂತರೆ ಎರಡೂ ಪಾದ ಪೂರ್ತಿ ನೆಲಕ್ಕೆ ತಾಗಲಿ, ಬೆನ್ನು ಒರಗನ್ನು ಬಿಟ್ಟು ನೇರವಾಗಿರಲಿ. ನೆಲದ ಮೇಲಾದರೆ ಚಕ್ಕಳಮಕ್ಕಳ ಹಾಕಿ, ಮಡಿಸಿದ ಕಂಬಳಿಯನ್ನು ಎರಡು ಮೂರು ಇಂಚು ಎತ್ತರಕ್ಕೆ ಕುಂಡೆಯ ಕೆಳಗೆ ಇಟ್ಟುಕೊಳ್ಳಿ. ಮಂಡಿ ಸೊಂಟಕ್ಕಿಂತ ಕೆಳಗಿರಬೇಕು. ಇಲ್ಲದಿದ್ದರೆ ಸೊಂಟ ಹಿಂದಕ್ಕೆ ಬಾಗಿ ಬೆನ್ನು ಗೂನಾಗುತ್ತದೆ, ಹತ್ತು ನಿಮಿಷಕ್ಕೆ ಕಾಲು ಜೋಮು ಹಿಡಿಯುತ್ತದೆ. ಮೊಬೈಲನ್ನು ಅಲಾರಂಗೆಂದು ಇಟ್ಟುಕೊಳ್ಳುವುದಾದರೆ ಏರೋಪ್ಲೇನ್ ಮೋಡಿಗೆ ಹಾಕಿ ಬೆನ್ನ ಹಿಂದೆ ಇಡಿ.

ಉಸಿರನ್ನು ಗಮನಿಸುವುದು ಎಲ್ಲರಿಗೂ ಹಿಡಿಸುವುದಿಲ್ಲ. ಅಸ್ತಮಾ ಇರುವವರಿಗೆ, ಪ್ಯಾನಿಕ್ ಬಂದು ಉಸಿರು ಕಟ್ಟಿದ ಅನುಭವವಿರುವವರಿಗೆ ಉಸಿರಿನ ಮೇಲೆ ಕಣ್ಣಿಟ್ಟರೇ ಗಾಬರಿ ಹೆಚ್ಚಬಹುದು. ಅಂಥವರು ಉಸಿರಿನ ಬದಲು ಪಾದ ನೆಲಕ್ಕೆ ತಾಗಿರುವುದನ್ನೋ, ಸುತ್ತಲಿನ ಸದ್ದನ್ನೋ ಹಿಡಿದುಕೊಳ್ಳಲಿ. ಈಚೆಗೆ ಸಾವು, ಅಪಘಾತ, ದೌರ್ಜನ್ಯ ಕಂಡವರು ಕಣ್ಣು ತೆರೆದೇ ಕೂರಲಿ, ನೋಟ ನಾಲ್ಕಡಿ ಮುಂದಿನ ನೆಲದ ಮೇಲಿರಲಿ. ಸಾಧ್ಯವಾದರೆ ಆಪ್ತಸಮಾಲೋಚಕರನ್ನು ಕೇಳಿ ಶುರುಮಾಡಲಿ.

1ನೇ ಮತ್ತು 2ನೇ ವಾರ: ಐದು ನಿಮಿಷದ ಉಸಿರು

ಕೂತು ಮೊದಲು ಪಾದ, ತೊಡೆ, ಕೈ ಎಲ್ಲೆಲ್ಲಿ ತಾಗಿವೆ ಎಂದು ಗಮನಿಸಿ. ಉಸಿರು ಎಲ್ಲಿ ಚೆನ್ನಾಗಿ ಗೊತ್ತಾಗುತ್ತದೋ ಆ ಒಂದು ಜಾಗವನ್ನು ಆರಿಸಿಕೊಳ್ಳಿ. ಮೂಗಿನ ಹೊಳ್ಳೆಯ ತುದಿಯಾಗಲಿ, ಹೊಟ್ಟೆಯಾಗಲಿ. ದಿನಕ್ಕೊಂದು ಜಾಗ ಬದಲಿಸಬೇಡಿ. ಉಸಿರನ್ನು ಅದರ ಪಾಡಿಗೆ ಬಿಟ್ಟು, ಹೊರಗೆ ಬಿಡುವಾಗ ಮನಸ್ಸಿನಲ್ಲೇ ಒಂದು, ಎರಡು ಎಂದು ಹತ್ತರವರೆಗೆ ಎಣಿಸಿ. ಹತ್ತಾದ ಮೇಲೆ ಮತ್ತೆ ಒಂದರಿಂದ. ಎಣಿಕೆ ತಪ್ಪಿದರೆ, ಅಥವಾ ಹದಿನೇಳಕ್ಕೆ ಹೋಗಿದ್ದೀರಿ ಎಂದು ಗೊತ್ತಾದರೆ, ಒಂದಕ್ಕೆ ಬನ್ನಿ. ಅಲಾರಂ ಆದಾಗ ತಟ್ಟನೆ ಏಳಬೇಡಿ. ಸುತ್ತಲಿನ ಸದ್ದು ಕೇಳಿಸಿಕೊಂಡು, ಕೈಬೆರಳು ಆಡಿಸಿ, ಆಮೇಲೆ ಎದ್ದೇಳಿ.

ಮೊದಲ ವಾರ ಒಂದು ಸಲವೂ ಹತ್ತು ಮುಟ್ಟದಿರಬಹುದು. ಐದು ನಿಮಿಷದಲ್ಲಿ ಇಪ್ಪತ್ತು ಸಲ ಮನಸ್ಸು ಹೋಗಿ ಇಪ್ಪತ್ತು ಸಲ ಕರೆತಂದಿದ್ದರೆ ಅಂದಿನ ಅಭ್ಯಾಸ ಚೆನ್ನಾಗಿಯೇ ಆಗಿದೆ. ಕರೆತರುವುದೇ ಇಲ್ಲಿ ಕಸರತ್ತು.

ತಪ್ಪಾಗುವುದು ಸಾಮಾನ್ಯವಾಗಿ ಮೂರು ಕಡೆ. ಚೆನ್ನಾಗಿ ಮಾಡಬೇಕೆಂಬ ಹಟಕ್ಕೆ ಆಳವಾಗಿ, ಬೇಗಬೇಗ ಉಸಿರಾಡಿದರೆ ತಲೆ ಸುತ್ತುತ್ತದೆ, ಬೆರಳ ತುದಿ ಜುಂ ಎನ್ನುತ್ತದೆ. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾದಾಗ ಹೀಗಾಗುತ್ತದೆ. ಉಸಿರನ್ನು ಸಹಜಕ್ಕೆ ಬಿಟ್ಟರೆ ಸರಿಹೋಗುತ್ತದೆ. ಇದು ಪ್ರಾಣಾಯಾಮವಲ್ಲ, ಉಸಿರನ್ನು ಬದಲಾಯಿಸುವ ಕೆಲಸವೇ ಇಲ್ಲಿಲ್ಲ. ಎರಡನೆಯದು ನಿದ್ದೆ. ಕೂತ ಎರಡು ನಿಮಿಷಕ್ಕೇ ದಿನವೂ ತೂಕಡಿಸುತ್ತಿದ್ದರೆ ಅಭ್ಯಾಸಕ್ಕಿಂತ ಮೊದಲು ನಿದ್ದೆಯ ಲೆಕ್ಕ ನೋಡಬೇಕು. ಈ ವಯಸ್ಸಿಗೆ ರಾತ್ರಿ ಕನಿಷ್ಠ ಎಂಟು ಗಂಟೆ ನಿದ್ದೆ ಬೇಕು. ಒಂದು ಗಂಟೆಯವರೆಗೆ ಓದಿ ಐದಕ್ಕೆ ಏಳುವ ದೇಹಕ್ಕೆ ಯಾವ ಧ್ಯಾನವೂ ಆ ಸಾಲ ತೀರಿಸಿಕೊಡಲಾರದು. ಮೂರನೆಯದು ಅಂಕದ ಚಟ: ‘ಇವತ್ತು ನಾಲ್ಕು ಸಲ ಹತ್ತು ಮುಟ್ಟಿದೆ’ ಎಂದು ಬರೆದಿಡಲು ಶುರುಮಾಡಿದರೆ ಇದೂ ಒಂದು ಟೆಸ್ಟ್ ಆಗಿಬಿಡುತ್ತದೆ.

ಈ ಎರಡು ವಾರದಲ್ಲಿ ಒಂದು ಸಲ ಕಡಲೆಕಾಯಿಯ ಪ್ರಯೋಗ ಮಾಡಿ ನೋಡಿ. ಮೂಲ ತರಬೇತಿಯಲ್ಲಿ ಒಣದ್ರಾಕ್ಷಿ ಬಳಸುತ್ತಾರೆ, ಆದರೆ ಸಿಪ್ಪೆಯಿರುವ ಶೇಂಗಾದಲ್ಲಿ ನೋಡಲು ಹೆಚ್ಚು ಸಿಗುತ್ತದೆ. (ಅಲರ್ಜಿ ಇರುವವರಿಗೆ ದ್ರಾಕ್ಷಿಯೇ ಸರಿ.) ಒಂದೇ ಒಂದು ಕಾಯಿ, ಐದು ನಿಮಿಷ. ಸಿಪ್ಪೆಯ ಮೇಲಿನ ಉದ್ದ ಗೆರೆಗಳು, ಅವುಗಳ ನಡುವಿನ ಗುಳಿ, ಗುಳಿಯಲ್ಲಿ ಇನ್ನೂ ಉಳಿದ ಕೆಮ್ಮಣ್ಣು. ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗಿನ ಬೀಜದ ಲೊಟಲೊಟ. ತುದಿಯನ್ನು ಹೆಬ್ಬೆರಳಿಂದ ಒತ್ತಿದಾಗ ಚಟ್ ಎಂದು ಬಿಡುವ ಕ್ಷಣ. ಬೀಜದ ಗುಲಾಬಿ ಪೊರೆ ಬೆರಳಿಗೆ ಅಂಟಿ ಉದುರುವುದು. ನಾಲಿಗೆಯ ಮೇಲಿಟ್ಟು ಕಚ್ಚದೆ ಹತ್ತು ಉಸಿರು ಕಾಯಿರಿ, ಬಾಯಲ್ಲಿ ನೀರೂರುವುದು ಗೊತ್ತಾಗುತ್ತದೆ. ಆಮೇಲೆ ಕಚ್ಚಿ. ಮುಷ್ಟಿ ಮುಷ್ಟಿ ತಿಂದಾಗ ಸಿಗದ ರುಚಿ ಒಂದು ಬೀಜದಲ್ಲಿ ಸಿಕ್ಕರೆ, ಪರಿವೆ ಎಂದರೆ ಏನೆಂದು ಮತ್ತೆ ಯಾರೂ ವಿವರಿಸಬೇಕಿಲ್ಲ.

3ನೇ ಮತ್ತು 4ನೇ ವಾರ: ದೇಹವನ್ನು ಸುತ್ತಿಬರುವುದು

ಒತ್ತಡ ಮನಸ್ಸಿಗೆ ಗೊತ್ತಾಗುವ ಮುಂಚೆ ಮೈಗೆ ಗೊತ್ತಾಗಿರುತ್ತದೆ. ಓದುತ್ತ ಕೂತವರ ಭುಜ ಕಿವಿಯ ಹತ್ತಿರಕ್ಕೆ ಏರಿರುತ್ತದೆ, ಹಲ್ಲು ಕಚ್ಚಿರುತ್ತದೆ, ಪೆನ್ನು ಹಿಡಿದ ಬೆರಳು ಬಿಳಿಚಿರುತ್ತದೆ. ಇದನ್ನು ಓದುತ್ತಿರುವಾಗಲೇ ನಿಮ್ಮ ದವಡೆಯನ್ನು ಒಮ್ಮೆ ನೋಡಿಕೊಳ್ಳಿ.

ಚಾಪೆಯ ಮೇಲೆ ಅಂಗಾತ ಮಲಗಿ. ಪಾದ, ಮೊಣಕಾಲಿನವರೆಗೆ, ತೊಡೆ, ಸೊಂಟ ಮತ್ತು ಹೊಟ್ಟೆ, ಎದೆ ಮತ್ತು ಬೆನ್ನು, ಕೈಗಳು, ಭುಜ ಮತ್ತು ಕತ್ತು, ಮುಖ – ಹೀಗೆ ಎಂಟು ಭಾಗ. ಒಂದೊಂದಕ್ಕೂ ಒಂದು ನಿಮಿಷದ ಮೇಲೆ ಸ್ವಲ್ಪ, ಒಟ್ಟು ಹತ್ತು ನಿಮಿಷ. ಬಿಸಿ, ತಂಪು, ಭಾರ, ಸೆಳೆತ, ಕಡಿತ, ಬಟ್ಟೆಯ ಸ್ಪರ್ಶ, ಏನಿದೆಯೋ ಅದು. ಏನೂ ಗೊತ್ತಾಗದಿದ್ದರೆ ‘ಇಲ್ಲಿ ಏನೂ ಗೊತ್ತಾಗುತ್ತಿಲ್ಲ’ ಎಂಬುದನ್ನೇ ಗಮನಿಸಿ ಮುಂದೆ ಹೋಗಿ. ಸಡಿಲಿಸಲೇಬೇಕೆಂದು ಒತ್ತಾಯಿಸಬೇಡಿ. ಒತ್ತಾಯಿಸಿದಷ್ಟೂ ಸ್ನಾಯು ಬಿಗಿಯುತ್ತದೆ.

ಹಾಸ್ಟೆಲಿನಲ್ಲಿ ಇದಕ್ಕೆ ಜಾಗ ಸಿಗುವುದು ಕಷ್ಟ. ರಾತ್ರಿ ಮಲಗಿದ ಮೇಲೆ ಹಾಸಿಗೆಯಲ್ಲೇ ಮಾಡಬಹುದು. ಅರ್ಧಕ್ಕೇ ನಿದ್ದೆ ಹತ್ತಿದರೆ ಅದೂ ಲಾಭವೇ. ಆದರೆ ವಾರಕ್ಕೆ ಮೂರು ದಿನವಾದರೂ ಎಚ್ಚರವಿರುವ ಹೊತ್ತಿನಲ್ಲಿ ಪೂರ್ತಿ ಮಾಡಿ. ಬೆಳಗಿನ ಐದು ನಿಮಿಷದ ಉಸಿರು ಹಾಗೇ ಮುಂದುವರಿಯಲಿ.

5ನೇ ವಾರ: ‘ಅನ್ನೋ’ ಸೇರಿಸುವುದು

ಇಡೀ ಎಂಟು ವಾರದಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ಇದು, ನಮ್ಮ ಭಾಷೆ ಇಲ್ಲಿ ಜೊತೆಗಿದೆ. ‘ನಾನು ಫೇಲ್ ಆಗ್ತೀನಿ’ ಎಂದು ಮನಸ್ಸು ಹೇಳುತ್ತದೆ. ಅದು ಯೋಚನೆ ಎಂದು ಗೊತ್ತಾಗದಿದ್ದರೆ ಸುದ್ದಿಯಂತೆ ಕೇಳಿಸುತ್ತದೆ, ಎದೆ ಬಡಿದುಕೊಳ್ಳುತ್ತದೆ. ಆಗ ಅದರ ಬಾಲಕ್ಕೆ ಒಂದಿಷ್ಟು ಸೇರಿಸಿ: ‘ನಾನು ಫೇಲ್ ಆಗ್ತೀನಿ ಅನ್ನೋ ಯೋಚನೆ ಬಂತು.’ ಮಾತು ಅದೇ, ಆದರೆ ನಿಮಗೂ ಅದಕ್ಕೂ ನಡುವೆ ಒಂದು ಗೇಣು ಜಾಗ ಬಿಟ್ಟಿತು.

ಕನ್ನಡದಲ್ಲಿ ಭಯ ‘ಆಗುತ್ತದೆ’, ಕೋಪ ‘ಬರುತ್ತದೆ’, ಬೇಜಾರು ‘ಆಗುತ್ತದೆ’. ಮಳೆ ಬಂದ ಹಾಗೆ, ಕೆಮ್ಮು ಬಂದ ಹಾಗೆ. ಬಂದದ್ದು ನಾವಲ್ಲ, ನಮಗೆ ಬಂದದ್ದು. ಹಾಗಾಗಿ ‘ನಾನು ಹೆದರುಪುಕ್ಕ’ ಎನ್ನುವ ಬದಲು ‘ನನಗೆ ಈಗ ಭಯ ಆಗ್ತಿದೆ’ ಎನ್ನಿ. ‘ಈಗ’ ಎಂಬುದನ್ನು ಬಿಡಬೇಡಿ.

ಕೂತು ಮಾಡುವ ವಿಧಾನ: ಐದು ನಿಮಿಷ ಉಸಿರಿನೊಂದಿಗಿದ್ದು, ಮುಂದಿನ ಐದು ನಿಮಿಷ ಯೋಚನೆ ಬಂದಾಗಲೆಲ್ಲ ಒಂದೇ ಪದದ ಚೀಟಿ ಅಂಟಿಸಿ. ‘ಚಿಂತೆ’, ‘ನೆನಪು’, ‘ಹೋಲಿಕೆ’, ‘ಲೆಕ್ಕಾಚಾರ’. ಅಂಟಿಸಿ ಉಸಿರಿಗೆ ಮರಳಿ. ಒಂದು ವಾರ ಮಾಡಿದರೆ ನಿಮ್ಮ ಮನಸ್ಸು ಯಾವ ದಾರಿಯಲ್ಲಿ ಹೆಚ್ಚು ಓಡಾಡುತ್ತದೆ ಎಂದು ತಿಳಿಯುತ್ತದೆ. ಪಿಯು ಮಕ್ಕಳಲ್ಲಿ ‘ಹೋಲಿಕೆ’ಯ ಚೀಟಿಯೇ ಬೇಗ ಖಾಲಿಯಾಗುವುದು.

ಇದನ್ನು ಯೋಚನೆ ಓಡಿಸುವ ಉಪಾಯವೆಂದು ಬಳಸಿದರೆ ಕೆಡುತ್ತದೆ. ಬೇಡವೆಂದು ತಳ್ಳಿದ ಯೋಚನೆ ಇನ್ನಷ್ಟು ಜೋರಾಗಿ ಬಾಗಿಲು ಬಡಿಯುತ್ತದೆ.

6ನೇ ವಾರ: ಓದಿನ ನಡುವೆ ಮೂರು ನಿಮಿಷ

ಇಲ್ಲಿಯವರೆಗೆ ಕಲಿತದ್ದನ್ನು ಮೇಜಿನ ಹತ್ತಿರಕ್ಕೆ ತರುವ ವಾರ. ಖಿನ್ನತೆ ಮರುಕಳಿಸದಂತೆ ತಡೆಯಲು ರೂಪಿಸಿದ ಸಾವಧಾನ ಚಿಕಿತ್ಸೆಯಲ್ಲಿ ಮೂರು ನಿಮಿಷದ ಒಂದು ಅಭ್ಯಾಸವಿದೆ. ಮೊದಲ ನಿಮಿಷ: ಈಗ ಯಾವ ಯೋಚನೆ, ಯಾವ ಭಾವನೆ, ಮೈಯಲ್ಲಿ ಎಲ್ಲಿ ಬಿಗಿ? ಎರಡನೇ ನಿಮಿಷ: ಬರೀ ಉಸಿರು. ಮೂರನೇ ನಿಮಿಷ: ಗಮನವನ್ನು ಉಸಿರಿನಿಂದ ಇಡೀ ಮೈಗೆ ಹರಡುವುದು. ನಲವತ್ತು ನಿಮಿಷ ಓದಿ ಎದ್ದಾಗ, ಮೊಬೈಲ್ ಮುಟ್ಟುವ ಮುಂಚೆ ಇದನ್ನು ಮಾಡಿ. ಬಿಡುವಿನ ಐದು ನಿಮಿಷಕ್ಕೆ ರೀಲ್ಸ್ ತೆರೆದರೆ ಮನಸ್ಸಿಗೆ ಬಿಡುವು ಸಿಗುವುದಿಲ್ಲ, ಮತ್ತೆ ಪುಸ್ತಕಕ್ಕೆ ಬರುವಾಗ ಅದು ಇನ್ನಷ್ಟು ದೂರದಿಂದ ಬರಬೇಕು.

ಓದುವಾಗ ಪೆನ್ಸಿಲ್ ಕೈಯಲ್ಲಿರಲಿ. ಮನಸ್ಸು ಹೋದದ್ದು ಗೊತ್ತಾದ ಕೂಡಲೇ ಪುಟದ ಅಂಚಿನಲ್ಲಿ ಒಂದು ಚಿಕ್ಕ ಗೀಟು ಎಳೆದು, ಬಿಟ್ಟ ಸಾಲಿಗೆ ಬನ್ನಿ. ಮೊದಲ ದಿನಗಳಲ್ಲಿ ಗೀಟು ಹೆಚ್ಚಿದರೆ ಗಾಬರಿ ಬೇಡ, ಮೊದಲೂ ಅಷ್ಟೇ ಹೋಗುತ್ತಿತ್ತು, ಈಗ ಕಾಣುತ್ತಿದೆ.

7ನೇ ಮತ್ತು 8ನೇ ವಾರ

ಏಳನೇ ವಾರ ಒಂದು ಮಾದರಿ ಪ್ರಶ್ನೆಪತ್ರಿಕೆಯನ್ನು ಮೂರು ಗಂಟೆ ಕೂತು ಬರೆಯಿರಿ, ಕೆಳಗೆ ಹೇಳಿದ ಪರೀಕ್ಷಾ ಕೊಠಡಿಯ ಕ್ರಮವನ್ನು ಅದರಲ್ಲೇ ರೂಢಿಸಿಕೊಳ್ಳಿ. ಹೊಸದನ್ನು ಪರೀಕ್ಷೆಯ ದಿನವೇ ಮಾಡಲು ಹೋದರೆ ಕೈಗೆ ಸಿಗುವುದಿಲ್ಲ. ಎಂಟನೇ ವಾರ ಅಭ್ಯಾಸ ಹೆಚ್ಚಿಸಬೇಡಿ, ಬೆಳಿಗ್ಗೆ ಐದು ನಿಮಿಷ, ರಾತ್ರಿ ದೇಹ ಸುತ್ತುವುದು, ಅಷ್ಟೇ ಸಾಕು. ಕೂರಲು ಆಗದಷ್ಟು ಚಡಪಡಿಕೆಯಿದ್ದರೆ ಹತ್ತು ಹೆಜ್ಜೆಯ ಜಾಗದಲ್ಲಿ ಬರಿಗಾಲಲ್ಲಿ ನಿಧಾನ ನಡೆಯಿರಿ: ಹಿಮ್ಮಡಿ ಊರಿತು, ಪಾದ ಊರಿತು, ಬೆರಳು ಎದ್ದಿತು.

ಪರೀಕ್ಷಾ ಕೊಠಡಿಯಲ್ಲಿ ‘ಬ್ಲ್ಯಾಂಕ್’ ಆದಾಗ

ಓದಿದ್ದೆಲ್ಲ ಅಳಿಸಿಹೋದಂತೆ ಅನಿಸುತ್ತದೆ, ಅಳಿಸಿರುವುದಿಲ್ಲ. ಗಾಬರಿ ಹೆಚ್ಚಾದಾಗ ನೆನಪಿನಿಂದ ಹೊರತೆಗೆಯುವ ಕೆಲಸ ತಾತ್ಕಾಲಿಕವಾಗಿ ತಡೆಯುತ್ತದೆ. ಆ ಹೊತ್ತಿನಲ್ಲಿ ಅದೇ ಪ್ರಶ್ನೆಯನ್ನು ದಿಟ್ಟಿಸಿದಷ್ಟೂ ತಡೆ ಗಟ್ಟಿಯಾಗುತ್ತದೆ.

ಪೆನ್ನು ಕೆಳಗಿಡಿ. ಎರಡೂ ಪಾದವನ್ನು ನೆಲಕ್ಕೆ ಒತ್ತಿ. ಕೈ ನಡುಗುತ್ತಿದ್ದರೆ ಅಂಗೈಯನ್ನು ಡೆಸ್ಕಿನ ಮೇಲೆ ಚಪ್ಪಟೆಯಾಗಿ ಇಡಿ. ನಾಲ್ಕು ಎಣಿಸುತ್ತ ಉಸಿರು ತೆಗೆದುಕೊಂಡು ಆರು ಎಣಿಸುತ್ತ ಬಿಡಿ, ಹೀಗೆ ಆರು ಸಲ, ಸುಮಾರು ಒಂದು ನಿಮಿಷ. ಇಲ್ಲಿ ಮಾತ್ರ ಉಸಿರನ್ನು ಬೇಕೆಂದೇ ಬದಲಾಯಿಸುತ್ತಿದ್ದೇವೆ. ಉಸಿರು ಬಿಡುವಾಗ, ಮಿದುಳಿನಿಂದ ಹೃದಯಕ್ಕೆ ಬರುವ ವೇಗಸ್ ಎಂಬ ನರದ ಕೆಲಸದಿಂದ ಹೃದಯದ ಬಡಿತ ತುಸು ನಿಧಾನವಾಗುತ್ತದೆ, ಬಿಡುವುದನ್ನು ಉದ್ದ ಮಾಡಿದರೆ ಆ ನಿಧಾನಕ್ಕೆ ಹೆಚ್ಚು ಹೊತ್ತು ಸಿಗುತ್ತದೆ. ‘ಬ್ಲ್ಯಾಂಕ್ ಆಯ್ತು ಅನ್ನೋ ಯೋಚನೆ ಬಂತು’ ಎಂದುಕೊಳ್ಳಿ. ಆಮೇಲೆ ಆ ಪ್ರಶ್ನೆಗೆ ಮರಳಬೇಡಿ. ಖಚಿತವಾಗಿ ಗೊತ್ತಿರುವ ಒಂದು ಅಂಕದ ಪ್ರಶ್ನೆಯೊಂದನ್ನು ಬರೆಯಿರಿ. ಕೈ ಓಡತೊಡಗಿದರೆ ನೆನಪೂ ಬರತೊಡಗುತ್ತದೆ.

ಹೊರಗೆ ಬಂದ ಮೇಲೆ ಗೇಟಿನ ಹತ್ತಿರ ಕೀ ಆನ್ಸರ್ ಹೋಲಿಸುವ ಗುಂಪು ಇರುತ್ತದೆ. ಮುಂದಿನ ವಿಷಯದ ಪರೀಕ್ಷೆ ಮುಗಿಯುವವರೆಗೆ ಆ ಗುಂಪನ್ನು ದಾಟಿ ಬಂದುಬಿಡಿ.

ಉಪನ್ಯಾಸಕರಿಗೆ, ಮನೆಯವರಿಗೆ

ತರಗತಿಯಲ್ಲಿ ಮಾಡಿಸುವುದಾದರೆ ಮೊದಲ ಪೀರಿಯಡ್ಡಿನ ಮೊದಲ ಎರಡು ನಿಮಿಷ ಸಾಕು. ಆದರೆ ಮಾಡಿಸುವವರು ತಾವು ಕನಿಷ್ಠ ಎಂಟು ವಾರ ಮಾಡಿರಬೇಕು, ಇಲ್ಲದಿದ್ದರೆ ಮಕ್ಕಳ ತೊಡಕು ಅರ್ಥವಾಗುವುದಿಲ್ಲ. ‘ಎಲ್ಲರೂ ಕಣ್ಣು ಮುಚ್ಚಿ!’ ಎಂಬ ಆಜ್ಞೆ ಬೇಡ. ‘ಆರಾಮಾಗಿ ಕೂತ್ಕೊಳ್ಳಿ. ಬೇಕಿದ್ರೆ ಕಣ್ಣು ಮುಚ್ಚಿ, ಇಲ್ಲಾಂದ್ರೆ ಡೆಸ್ಕ್ ನೋಡ್ತಿರಿ. ಪಾದ ನೆಲಕ್ಕೆ ತಾಗಿರೋದು ಗೊತ್ತಾಗ್ತಿದ್ಯಾ ನೋಡಿ. ಮಾಡೋಕೆ ಇಷ್ಟ ಇಲ್ಲದವರು ಸುಮ್ನೆ ಕೂತಿದ್ರೂ ಸರಿ’ – ಇಷ್ಟು ಸಾಕು. ಗಲಾಟೆ ಮಾಡಿದ್ದಕ್ಕೆ ಶಿಕ್ಷೆಯಾಗಿ ಎಂದೂ ಮಾಡಿಸಬೇಡಿ. ‘ನಿನಗೇನನ್ನಿಸಿತು ಹೇಳು’ ಎಂದು ಎಲ್ಲರೆದುರು ಎಬ್ಬಿಸಿ ಕೇಳಬೇಡಿ.

ಇನ್ನೊಂದು ಮಾತನ್ನು ಗಟ್ಟಿಯಾಗಿಯೇ ಹೇಳಬೇಕು. ಬೆಳಿಗ್ಗೆ ಐದರಿಂದ ರಾತ್ರಿ ಹನ್ನೊಂದರವರೆಗೆ ಓದಿಸುವ ವೇಳಾಪಟ್ಟಿ, ಅಂಕದ ಪ್ರಕಾರ ಸೆಕ್ಷನ್ ಒಡೆಯುವ ಪದ್ಧತಿ, ಜಾತಿ ಹಿಡಿದು ಆಡುವ ಮಾತು, ರ‍್ಯಾಗಿಂಗ್ ಇವೆಲ್ಲವನ್ನೂ ಹಾಗೇ ಇಟ್ಟುಕೊಂಡು ಮಕ್ಕಳಿಗೆ ಮಾತ್ರ ಉಸಿರು ನೋಡಿಕೋ ಎನ್ನುವುದು ಅನ್ಯಾಯ. ಸಹಿಸಬಾರದ್ದನ್ನು ಸಹಿಸಲು ಕಲಿಸುವ ವಿದ್ಯೆಯಲ್ಲ ಇದು.

ಮನೆಯವರು ಸಂಜೆ ಮೊದಲ ಮಾತಾಗಿ ‘ಎಷ್ಟು ಓದಿದೆ?’ ಎನ್ನದಿದ್ದರೆ ದೊಡ್ಡ ಉಪಕಾರ. 2024ರಿಂದ ಎಸ್ಸೆಸ್ಸೆಲ್ಸಿ, ದ್ವಿತೀಯ ಪಿಯು ಎರಡಕ್ಕೂ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶ ಬಂದಿದೆ ಎಂಬುದನ್ನು ಮಗುವಿಗೆ ಪರೀಕ್ಷೆಯ ಮುಂಚೆಯೇ ನೆನಪಿಸಿ, ಫಲಿತಾಂಶದ ದಿನವಲ್ಲ.

ನಿಲ್ಲಿಸಬೇಕಾದದ್ದು, ಸಹಾಯ ಕೇಳಬೇಕಾದದ್ದು

ಕೂತಾಗ ಹಳೆಯ ಕೆಟ್ಟ ನೆನಪು ಒಮ್ಮೆಗೇ ನುಗ್ಗಿಬಂದರೆ, ಸುತ್ತಲಿನದು ನಿಜವಲ್ಲವೆಂಬಂತೆ ತೋರಿದರೆ, ಗಾಬರಿ ದಿನದಿಂದ ದಿನಕ್ಕೆ ಏರುತ್ತಿದ್ದರೆ ಅಭ್ಯಾಸ ನಿಲ್ಲಿಸಿ. ಕಣ್ಣು ತೆರೆದು, ಮುಖಕ್ಕೆ ತಣ್ಣೀರು ಹಾಕಿಕೊಂಡು, ಯಾರ ಜೊತೆಗಾದರೂ ಮಾತಾಡಿ. ಮುಂದುವರಿಸಿದರೆ ಸರಿಹೋಗುತ್ತದೆ ಎಂದು ಹಟ ಹಿಡಿಯಬೇಡಿ. ಮಾತ್ರೆ ತೆಗೆದುಕೊಳ್ಳುತ್ತಿರುವವರು ಧ್ಯಾನ ಶುರುವಾಯಿತೆಂದು ಮಾತ್ರೆ ಬಿಡಬಾರದು.

ಎರಡು ವಾರ ಬಿಡದೆ ಬೇಸರ, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು, ಊಟ ನಿದ್ದೆ ಕೆಡುವುದು ಕಂಡರೆ ಮನೋವೈದ್ಯರನ್ನು ಅಥವಾ ಆಪ್ತಸಮಾಲೋಚಕರನ್ನು ನೋಡಬೇಕು. ಮೈಗೆ ಗಾಯ ಮಾಡಿಕೊಳ್ಳುವುದು, ‘ನಾನಿಲ್ಲದಿದ್ರೇ ಒಳ್ಳೇದು’ ಎಂಬಂಥ ಮಾತು ಕಂಡರೆ ಎರಡು ವಾರ ಕಾಯುವ ಪ್ರಶ್ನೆಯೇ ಇಲ್ಲ. ಅವರನ್ನು ಒಬ್ಬರೇ ಬಿಡಬೇಡಿ, ಕೈಗೆ ಸಿಗುವ ಅಪಾಯದ ವಸ್ತುಗಳನ್ನು ತೆಗೆದಿಡಿ, ತುರ್ತಿದ್ದರೆ 112ಕ್ಕೆ ಕರೆ ಮಾಡಿ. ‘ಸಾಯಬೇಕು ಅನ್ನಿಸ್ತಿದ್ಯಾ?’ ಎಂದು ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ಬಾಗಿಲು ತೆರೆಯುತ್ತದೆ.

ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. 2022ರ ಅಕ್ಟೋಬರ್ 10ರಂದು ಶುರುವಾದ ಈ ರಾಷ್ಟ್ರೀಯ ಸೇವೆಯ ಮೇಲ್ವಿಚಾರಣೆ ಬೆಂಗಳೂರಿನ ನಿಮ್ಹಾನ್ಸ್‌ನದು. ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಏನು ಹೇಳಬೇಕೆಂದು ತೋಚದೆ ಎಷ್ಟೋ ಮಂದಿ ಸಂಖ್ಯೆ ಒತ್ತಿ ಕಟ್ ಮಾಡುತ್ತಾರೆ. ಮೊದಲ ವಾಕ್ಯವನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: ‘ನಾನು ಪಿಯು ಓದ್ತಿದೀನಿ, ಕೆಲವು ದಿನದಿಂದ ನಿದ್ದೆ ಬರ್ತಿಲ್ಲ, ಒಬ್ಬನೇ ಇರೋಕೆ ಭಯ ಆಗುತ್ತೆ.’ ಮುಂದಿನ ಪ್ರಶ್ನೆಯನ್ನು ಆ ಕಡೆಯವರೇ ಕೇಳುತ್ತಾರೆ.